ಜಲ್ವಾದ ಕನ್ನಡಿಯಲ್ಲಿ ನಾಲ್ಕು ಕಣ್ಣು

ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಮೊದಲ ಮೂರ್ಖ ನಾನೇ. ಕ್ಯಾಮೆರಾದ ಸದ್ದು ಕೆಟ್ಟಿದ್ದು ನನಗೆ ಕೇಳಿಸಿತ್ತು. 'ಟಕ್' ಅನ್ನಬೇಕಾದದ್ದು 'ಟ್ಟ... ಕ್' ಅಂದಿತು. ಊರವರ ಕೆಮ್ಮು, ಸೀನು, ಸ್ಕೂಟರಿನ ಹಾರ್ನು ಎಲ್ಲವನ್ನೂ ಅಣಕಿಸುವವನು ನಾನು. ಯಾಕೆ ಹೀಗೆ ಎಂದು ಯೋಚಿಸುವ ಬದಲು ಆ ಸದ್ದನ್ನೂ ಅಣಕಿಸಿದೆ. ಮದುಮಗಳು ಕಿಲಕಿಲ ನಕ್ಕಳು. ಆ ನಗುವಿನ ಮೇಲೇ ಮತ್ತೆರಡು ಸಲ ಒತ್ತಿದೆ.

ಹುಮನಾಬಾದಿನಲ್ಲಿ ನಮ್ಮ ಪಕ್ಕದ ಮನೆಯ ಮದುವೆ ಅದು. ನಿಕಾಹ್ ಆದಮೇಲೆ ಜಲ್ವಾ: ಕೆಂಪು ದುಪಟ್ಟಾದ ಕೆಳಗೆ ಇಬ್ಬರನ್ನೂ ಕೂರಿಸಿ ನಡುವೆ ಕನ್ನಡಿ ಇಡುತ್ತಾರೆ. ವರ ಹೆಂಡತಿಯ ಮುಖವನ್ನು ಮೊದಲು ಅದರಲ್ಲೇ ನೋಡಬೇಕು. ಮದುಮಗಳು ಬೆಳಿಗ್ಗೆಯೇ ತಾಕೀತು ಮಾಡಿದ್ದಳು, "ಭೈಯಾ, ಬಾಕಿ ಫೋಟೋ ಹ್ಯಾಂಗರ ಬರ್ಲಿ, ಕನ್ನಡ್ಯಾಂದು ಛಂದ ಬರ್ಬೇಕು."

ಅದು ಹೆಂಗಸರ ಕೋಣೆ. ಬಸವಕಲ್ಯಾಣದಿಂದ ಬಂದಿದ್ದ ನನ್ನ ಉಸ್ತಾದರನ್ನು ಮದುಮಗಳ ಅಜ್ಜಿ ಬಾಗಿಲಲ್ಲೇ ತಡೆದರು. ಸ್ಟುಡಿಯೋ ಅವರದು, ಕ್ಯಾಮೆರಾ ಅವರದು, ನನಗೆ ಅದನ್ನು ಹಿಡಿಯಲು ಕಲಿಸಿದವರೂ ಅವರೇ.

"ಉಸ್ತಾದ್ ಸಾಬ್, ನೀವ್ ಇಲ್ಲೇ ಕೂಡ್ರಿ, ಶರಬತ್ ಕಳಸ್ತೀನಿ. ಈ ಪೋರ ನಮ್ಮ ಮನಿದು, ಇಂವ ತೆಗೀಲಿ."

ನಾನು ಎದೆ ಉಬ್ಬಿಸಿ ನಿಂತೆ. ಉಸ್ತಾದರು ನಕ್ಕು, ಬೆಳಕಿನ ಲೆಕ್ಕದ ಡಯಲನ್ನು 'ಪಿ' ಅಕ್ಷರದಿಂದ 'ಎವಿ'ಗೆ ತಿರುಗಿಸಿ ಕ್ಯಾಮೆರಾ ನನ್ನ ಕೈಗಿಟ್ಟರು. "ಒಳಗ ಮಬ್ಬದ. ಎವಿಗೆ ಹಚ್ಚೀನಿ, ಫ್ಲಾಶ್ ಹೊಡದ್ರೂ ಹಿಂದಿನ ದೀಪ ಎಲ್ಲಾ ಬರ್ತಾವ. ನಿನ್ನ ಕೋತಿ ಕೈಲೆ ಡಯಲ್ ಮುಟ್ಟಬ್ಯಾಡ."

ಮುಟ್ಟಲಿಲ್ಲ.

ಮರುದಿನ ಬಸವಕಲ್ಯಾಣದ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದರೆ, ದೀಪಗಳು ಬಂದಿದ್ದವು, ಒಂದೂ ಬಿಡದೆ. ಕನ್ನಡಿಯಲ್ಲಿ ಮಾತ್ರ ಮದುಮಗಳಿಗೆ ನಾಲ್ಕು ಕಣ್ಣು, ಎರಡು ಮೂಗು. ಒಂದರಲ್ಲಿ ನನ್ನ ಕೈ ಅಲುಗಿತ್ತು, ಉಳಿದೆರಡರಲ್ಲಿ ಅವಳೇ ನಕ್ಕು ಕುಲುಕಿದ್ದಳು. ವರ ಅಕ್ಕತಂಗಿಯರಿಬ್ಬರನ್ನೂ ಒಟ್ಟಿಗೆ ಕಟ್ಟಿಕೊಂಡಂತಿತ್ತು. ನಗು ಬಂತು. ಆಮೇಲೆ ಮದುಮಗಳ ತಾಕೀತು ನೆನಪಾಯಿತು. ಮೊದಲ ಸಲ ಮುಖ ನೋಡುವುದನ್ನು ಎರಡನೆಯ ಸಲ ಮಾಡಿಸುವುದು ಹೇಗೆ?

ಉಸ್ತಾದರು ಚಹಾಕ್ಕೆ ಹೋಗಿದ್ದರು. ಬಾಗಿಲು ಮುಚ್ಚಿಕೊಂಡು, ಮಬ್ಬಿನಲ್ಲಿ ನನ್ನದೇ ಕೈ ಬೀಸುತ್ತ ಒಮ್ಮೆ ಪಿಯಲ್ಲಿ, ಒಮ್ಮೆ ಎವಿಯಲ್ಲಿ ಫೋಟೋ ತೆಗೆದೆ. ಪಿಯಲ್ಲಿ ಹಿನ್ನೆಲೆಯೆಲ್ಲ ಕತ್ತಲು, ಐದು ಬೆರಳೂ ಸ್ವಚ್ಛ. ಫ್ಲಾಶ್ ಮಿಂಚಿತು, ಕ್ಯಾಮೆರಾ ಕಣ್ಣು ಮುಚ್ಚಿತು. ಎವಿಯಲ್ಲಿ ಫ್ಲಾಶ್ ಮುಗಿದರೂ ಅದು ಕಣ್ಣು ತೆರೆದುಕೊಂಡೇ ಕೋಣೆಯ ಬೆಳಕಿಗಾಗಿ ಕಾಯುತ್ತದೆ; ನಾನು ಅಣಕಿಸಿದ 'ಟ್ಟ... ಕ್' ಇದೇ. ಅಷ್ಟರಲ್ಲಿ ಅಲುಗಿದ್ದೆಲ್ಲ ಹೊಗೆ. ಉಸ್ತಾದರೇ ತೆಗೆದ ಹಳೆಯ ಮದುವೆಗಳನ್ನು ತೆರೆದು, ಡಯಲ್ ಯಾವುದರ ಮೇಲಿತ್ತೆಂದು ಫೋಟೋದ ವಿವರದಲ್ಲಿ ನೋಡಿದೆ. ಮಬ್ಬು ಕೋಣೆಯಲ್ಲಿ ಜನ ಓಡಾಡುವ ಫೋಟೋ ಎಲ್ಲವೂ ಪಿ. ಎವಿಯದು ಒಂದೂ ಇಲ್ಲ. ನನಗೆ ಅರ್ಧ ಪಾಠ ಹೇಳಿ ಒಳಗೆ ಕಳಿಸಿದ್ದರು.

ಅವರು ಚಹಾದ ಗ್ಲಾಸು ಹಿಡಿದೇ ಬಂದರು. ಯಾರ ದನಿಯನ್ನೂ ಎರವಲು ಪಡೆಯಲು ಆಗಲಿಲ್ಲ. ನನ್ನದೇ ದನಿಯಲ್ಲಿ ಕೇಳಿದೆ.

"ಉಸ್ತಾದ್ರೇ, ಎವಿ ಒಳಗ ಮಂದಿ ಅಳ್ಳಾಡಿದ್ರ ಫೋಟೋ ಕೆಡ್ತದಂತ ನಿಮಗ ಗೊತ್ತಿತ್ತಲ್ರಿ. ಅದೊಂದ್ ಮಾತ್ ಯಾಕ ಹೇಳ್ಲಿಲ್ರಿ?"

ಅವರು ಕಂಪ್ಯೂಟರಿನ ಕಡೆ ನೋಡಲೂ ಇಲ್ಲ.

"ನನಗ ಬಾಗಲದಾಗ ಕೂಡ್ಸಿ ಶರಬತ್ ಕುಡಿಸಿದ್ರಲ್ಲ, ಅವಾಗ ನೀ ನನ್ನ ಸಲುವಾಗಿ ಒಂದ್ ಮಾತ್ ಆಡಿದೇನಲೇ?"