ಎಲ್ವುಡ್ ಹಾಕಿದ ಬಿಳಿ ಗೋಲಿ

ಮೋರ್ಸ್‌ಮಿಲ್ ಊರಿನವರೇ ಸಂಬಳವಿಲ್ಲದೆ ನಡೆಸುವ ಬೆಂಕಿ ಆರಿಸುವ ದಳದಲ್ಲಿ ಎಲ್ವುಡ್ ರೈಫ್‌ಸ್ನೈಡರ್ ಯಾರನ್ನೂ ಬೇಡ ಅಂದವನಲ್ಲ. ದಳಕ್ಕೆ ಹೊಸಬನೊಬ್ಬ ಸೇರಬೇಕಾದರೆ ಸದಸ್ಯರೆಲ್ಲ ಒಬ್ಬೊಬ್ಬರಾಗಿ ಮೂಲೆಯ ಮರದ ಪೆಟ್ಟಿಗೆಯ ಹತ್ತಿರ ಹೋಗಿ, ಪರದೆಯೊಳಗೆ ಕೈ ತೂರಿಸಿ, ಒಂದು ಗೋಲಿ ಬೀಳಿಸಬೇಕು. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಬಿಳಿ ಗಾಜಿನ ಗೋಲಿ ಬಿದ್ದರೆ, ಇವನು ನಮ್ಮವನು. ಕಪ್ಪು ಮರದ ಗೋಲಿ ಬಿದ್ದರೆ, ಆಚೆ ನಡಿ. ಕುಡುಕ ಬರಲಿ, ಜಗಳಗಂಟ ಬರಲಿ, ಎಲ್ವುಡ್‌ನದು ಒಂದೇ ಮಾತು: "ನೀರ್ ಹಾಕೋಕೆ ಒಳ್ಳೇತನ ಯಾಕ್ರೋ, ಎರಡು ಕೈ ಇದ್ರೆ ಸಾಕು." ಆ ಮರದ ಗೋಲಿಯನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ.

ಶಾಲೆಯ ಬಸ್ಸು ರಿಪೇರಿ ಮಾಡುವುದು ಅವನ ಹೊಟ್ಟೆಪಾಡು, ದಳ ಅವನ ಪ್ರಾಣ. ಚರ್ಚಿನಲ್ಲಿ ಬಾಗಿಲ ಪಕ್ಕದ ಬೆಂಚೇ ಬೇಕು. ಕಾರಿನ ಮೂತಿ ಯಾವಾಗಲೂ ರಸ್ತೆ ಕಡೆಗೇ. ಹೆಂಡತಿ ಆರ್ಲೀನ್ ರೇಗಿಸುತ್ತಿದ್ದಳು, "ಸೈರನ್ ಕೂಗಿದ್ರೆ ನನ್ನ ಹೆಣಾನೂ ಅರ್ಧಕ್ಕೆ ಬಿಟ್ಟು ಓಡ್ತೀಯ, ಮಾರಾಯ." ಪಾಪ, ಆಕೆಯನ್ನು ಮಣ್ಣು ಮಾಡುವಾಗ ಸೈರನ್ ಕೂಗಿಯೇ ಬಿಟ್ಟಿತು. ಶವಪೆಟ್ಟಿಗೆ ಹೊತ್ತು ತಂದವರೆಲ್ಲ ದಳದವರೇ, ಇವನ ಮುಖ ನೋಡುತ್ತ ನಿಂತರು. "ಹೋಗ್ರೋ, ಅವಳೇನೂ ಅಂದ್ಕೊಳ್ಳಲ್ಲ" ಎಂದ. ಅವರು ಓಡಿದರು. ಅವನೂ ಪಾದ್ರಿಯೂ ಉಳಿದರು. ಆಮೇಲೆ ಅವನ ಊಟ, ಕಾಫಿ, ಹರಟೆ ಎಲ್ಲವೂ ದಳದ ಕಟ್ಟಡದಲ್ಲೇ.

ಅಂಥ ದಳದ ಮೇಲೆ ಊರಿನ ಆಡಳಿತ ನಡೆಸುವ ಟೌನ್‌ಶಿಪ್‌ನವರ ಕಣ್ಣು ಬಿತ್ತು. ಹಗಲು ಹೊತ್ತಿನಲ್ಲಿ ಬೆಂಕಿ ಬಿದ್ದರೆ ಬರುವವರೇ ಇಲ್ಲ, ಇರುವವರಿಗೆ ಮಂಡಿ ನೋವು. ಸಂಬಳದವರನ್ನು ಇಡುತ್ತೇವೆ, ಕಟ್ಟಡ, ಗಾಡಿ ನಮಗೆ ಕೊಡಿ ಎಂದರು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದೇ ಸಂಕಟ. ಆದರೆ ಆ ಗಾಡಿ ಹೆಂಗಸರು ವರ್ಷಗಟ್ಟಲೆ ಹ್ಯಾಮ್, ಬೀನ್ಸ್ ಬೇಯಿಸಿ ದುಡ್ಡಿಗೆ ಬಡಿಸಿದ ಊಟಗಳಿಂದ ಬಂದದ್ದು! ಎಲ್ವುಡ್ ಸಭೆ ಸಭೆಗೂ ಹೋಗಿ ಕೂಗಾಡಿದ. ಆಸ್ತಿ ದಳದ ಹೆಸರಿನಲ್ಲಿತ್ತು. ಸದಸ್ಯರು ಒಪ್ಪದೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಮನೆಮನೆಗೆ ಹೋಗಿ ಗಲ್ಲ ಹಿಡಿದು ಬೇಡಿಕೊಂಡ, ಬಿಟ್ಟುಕೊಡಬೇಡಿ ಎಂದು.

ಮತದ ದಿನ ಅದೇ ಪೆಟ್ಟಿಗೆ ಇಟ್ಟರು. ದಳದ ವಕೀಲ ಪ್ರಶ್ನೆ ಓದಿದ: "ದಳವನ್ನು ಟೌನ್‌ಶಿಪ್‌ಗೆ ಒಪ್ಪಿಸಬೇಕೇ? ಹೌದಾದರೆ ಬಿಳಿ, ಬೇಡವಾದರೆ ಕಪ್ಪು." ಎಲ್ವುಡ್‌ನ ಕಿವಿಗೆ ಬಿತ್ತು, ಕೈಗೆ ಬೀಳಲಿಲ್ಲ. ಪರದೆಯೊಳಗೆ ಕೈ ತೂರಿಸಿದಾಗ ಅವನ ತಲೆಯಲ್ಲಿದ್ದುದು ಒಂದೇ: ದಳ ನಮ್ಮದು, ನಮ್ಮದಾಗಿಯೇ ಉಳಿಯಬೇಕು. ಬೆರಳು ತನಗೆ ಗೊತ್ತಿದ್ದನ್ನು ಮಾಡಿತು.

ಎಣಿಸಿದರು. ಕಪ್ಪಿಗಿಂತ ಒಂದೇ ಒಂದು ಬಿಳಿ ಗೋಲಿ ಹೆಚ್ಚಾಗಿತ್ತು. ಬಿಟ್ಟುಕೊಡುವುದಿಲ್ಲ ಎಂದು ಮಾತು ಕೊಟ್ಟವರಲ್ಲೇ ಯಾರೋ ತಪ್ಪಿದ್ದರು. "ಯಾವನೋ ಅವನು, ನಮ್ಮ ಕತ್ತು ಕುಯ್ದೋನು?" ಎಂದು ಎಲ್ಲರಿಗಿಂತ ಮೊದಲು ಎದ್ದು ನಿಂತವನು ಎಲ್ವುಡ್ಡೇ. ಮಾತು ಅರ್ಧದಲ್ಲಿದ್ದಾಗ ಬೆರಳ ತುದಿಯಲ್ಲಿ ಗಾಜಿನ ನುಣುಪು ನೆನಪಾಯಿತು. ಕೂತುಬಿಟ್ಟ.

ಊರಿನ ಕಣ್ಣು ಮಾತ್ರ ಮರ್ಲ್ ಜೂಗ್ ಮೇಲೆ ಬಿತ್ತು. ದಳದಲ್ಲಿದ್ದುಕೊಂಡು ಟೌನ್‌ಶಿಪ್‌ನ ರಸ್ತೆ ಕೆಲಸದಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದವನು ಅವನೊಬ್ಬನೇ. "ಯಜಮಾನ್ರು ಖುಷಿಯಾದ್ರೇನಪ್ಪ?" ಎಂದು ಅಂಗಡಿಯಲ್ಲಿ ಚುಚ್ಚಿದರು. ಅವನ ಹೆಂಡತಿ ಚರ್ಚಿನ ಊಟಕ್ಕೆ ತಂದ ಕಡುಬನ್ನು ಯಾರೂ ಮುಟ್ಟಲಿಲ್ಲ. ಮರ್ಲ್ ತುಟಿ ಪಿಟಕ್ಕೆನ್ನಲಿಲ್ಲ. ಎಲ್ವುಡ್ ಇದನ್ನೆಲ್ಲ ನೋಡುತ್ತ ವಾರಗಟ್ಟಲೆ ಅನ್ನ ನೀರು ಸೇರದೆ ಒಣಗಿದ.

ಬೀಗದ ಕೈ ಒಪ್ಪಿಸುವ ಮುಂಚೆ ದಳದ ಕೊನೆಯ ಊಟ. ಎಲ್ವುಡ್ ಎದ್ದು ನಿಂತ.

"ಮರ್ಲ್‌ನ ಬಿಟ್ಬಿಡಿ. ಆ ಹೆಚ್ಚಿನ ಬಿಳೀ ಗೋಲಿ ನಂದು. ಅಭ್ಯಾಸಬಲ, ಕೈತಪ್ಪಿ ಹಾಕ್ಬಿಟ್ಟೆ."

ದಳದ ಅಧ್ಯಕ್ಷೆ ಲೊರೇನ್ ಕಣ್ಣೊರೆಸಿಕೊಳ್ಳುತ್ತ ಬಂದು ಅವನನ್ನು ತಬ್ಬಿಕೊಂಡಳು. "ನೋಡ್ರೋ ಇವನ ಬುದ್ಧೀನ. ಆ ಲಫಂಗನ ಮಾನ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊತಾನೆ."

"ಅಲ್ಲ ಲೊರೇನ್, ಆಣೆಗೂ ನಾನೇ..."

"ಸುಮ್ನಿರೋ. ನೀನು ಹಾಕ್ತೀಯಾ? ನಂಬೋ ಮಾತಾ ಅದು?"

ಚಪ್ಪಾಳೆ ಬಿತ್ತು. ಮರ್ಲ್ ಎದ್ದು ಹೊರಗೆ ಹೋದ. ಎಲ್ವುಡ್ ಕೈ ಬಿಡಿಸಿಕೊಂಡು ಹಿಂದೆಯೇ ಹೋದ. ಮರ್ಲ್ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ.

"ನಿಜ ಕಣೋ, ನಾನೇ ಹಾಕಿದ್ದು" ಎಂದ ಎಲ್ವುಡ್.

"ಗೊತ್ತು. ಅವತ್ತು ಸಾಲಲ್ಲಿ ನಿನ್ನ ಬೆನ್ನ ಹಿಂದೆ ನಾನೇ ಇದ್ದಿದ್ದು. ಗಾಜು ಟಣ್ ಅಂತು."

"ಮತ್ತೆ ಯಾಕ್ ಹೇಳ್ಲಿಲ್ಲ? ಇಷ್ಟು ಅನ್ನಿಸ್ಕೊಂಡು..."

"ಅಂದಿದ್ದು ಸುಳ್ಳಲ್ವಲ್ಲ." ಮರ್ಲ್ ನೆಲ ನೋಡಿದ. "ಕಪ್ಪು ಹಾಕೋಣ ಅಂತ್ಲೇ ಬಂದಿದ್ದೆ. ಕೆಲಸ ಹೋದ್ರೂ ಹೋಗ್ಲಿ ಅಂತ. ನಿಂದು ಟಣ್ ಅಂದಾಗ, ಎಲ್ವುಡ್ಡೇ ಹೌದು ಅಂತಾನೆ ಅಂದ್ರೆ ಏನೋ ಕಾರಣ ಇರ್ಬೇಕು ಅಂದ್ಕೊಂಡೆ. ನಾನೂ ಬಿಳೀದೇ ಹಾಕ್ದೆ."

ಎಲ್ವುಡ್‌ಗೆ ಈಗ ಕಂಡದ್ದು ಗೋಲಿ ಬೀಳಿಸಿದ ತನ್ನ ಕೈ ಮಾತ್ರ.

"ಹೊಗೇಲಿ ಕಣ್ಣು ಕಾಣ್ದಾಗ ಮುಂದಿರೋನ ಬೆನ್ನು ಬಿಡ್ಬೇಡ ಅಂತ ಕಲಿಸಿದ್ದು ನೀನೇ ಅಲ್ವಾ" ಎಂದ ಮರ್ಲ್.

ಮುದುಕ ಅಲ್ಲೇ ಬೂಟುಗಾಲಲ್ಲಿ ನಿಂತು ಚಿಕ್ಕ ಮಗುವಿನ ಹಾಗೆ ಅತ್ತ. ಒಳಗೆ ಅವನ ಹೆಸರು ಹಿಡಿದು ಕರೆಯುತ್ತಿದ್ದರು, ಕಾಫಿ ಆರುತ್ತಿದೆ ಬಾರೋ ಎಂದು.