ಒಂದೇ ತರಗತಿಗೆ ಇಬ್ಬರು

ಮೇಡಂ ಅವರ ಬಲಗೈ ಬೆರಳ ತುದಿಗಳು ಸದಾ ಕಪ್ಪಗಿದ್ದವು. ಪ್ರಯೋಗಾಲಯದ ಸಿಲ್ವರ್ ನೈಟ್ರೇಟ್ ಕಲೆ. ಹಬ್ಬಕ್ಕೆ ಮನೆಗೆ ಬಂದ ಹೆಂಗಸರು ಯಾರಾದರೂ ಅದನ್ನು ನೋಡಿ ಮೂಗು ಮುರಿದರೆ, ಅದೇ ಕೈಯಿಂದ ಅವರಿಗೇ ಮೊದಲು ಅರಿಶಿನ ಕುಂಕುಮ ಕೊಡುತ್ತಿದ್ದರು.

ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಮೇಡಂ, ನಾನು ಇತಿಹಾಸದವನು. ಪರಿಸರ ಅಧ್ಯಯನದ ಪಾಠ ಇಬ್ಬರ ತಲೆಗೂ ಬಿತ್ತು. ವಾರಕ್ಕೊಬ್ಬರಂತೆ ಹಂಚಿಕೊಳ್ಳೋಣ ಎಂದೆ. ಅವರು ಒಪ್ಪಲಿಲ್ಲ. ಇಬ್ಬರೂ ಒಟ್ಟಿಗೇ ನಿಲ್ಲಬೇಕು, ಒಬ್ಬರ ಮಾತು ಸರಿ ಕಾಣದಿದ್ದರೆ ಇನ್ನೊಬ್ಬರು ಅಲ್ಲೇ ತಡೆಯಬೇಕು ಎಂದು ಪಟ್ಟು ಹಿಡಿದರು. "ಕೆರೆಗೆ ಡಿಪಾರ್ಟ್‌ಮೆಂಟ್ ಇಲ್ಲ ಸರ್," ಎನ್ನುವುದು ಅವರ ಮಾತು.

ಹುಡುಗರನ್ನು ಹುಲಿಕೆರೆಯ ಮೆಟ್ಟಿಲುಕೊಳಕ್ಕೆ ಕರೆದೊಯ್ದಿದ್ದೆವು. ನೀರಿನ ಬೆಲೆ ಹೊಯ್ಸಳರ ಕಾಲದವರಿಗೆ ಗೊತ್ತಿತ್ತು ಎಂದು ನಾನು ರಾಗ ಎಳೆಯುತ್ತಿದ್ದೆ. ಮೇಡಂ ಸರಸರನೆ ಇಳಿದು ಬಾಟಲಿಯಲ್ಲಿ ಹಸಿರು ನೀರು ತುಂಬಿ ತಂದು, ಕುಡಿಯುತ್ತೀರಾ ಎಂದು ನನ್ನ ಮುಂದೆ ಹಿಡಿದರು. ನಾನೂ ಬಿಡಲಿಲ್ಲ, ಇದು ಕಟ್ಟಿದವರ ತಪ್ಪೋ, ಕಾಪಾಡದ ನಮ್ಮ ತಪ್ಪೋ ಎಂದೆ. ಊಟದ ಡಬ್ಬಿ ತೆರೆಯುವವರೆಗೂ ವಾದ. ಹಾರನಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ತಲೆ ಕೆಟ್ಟು, ಪರೀಕ್ಷೆಯಲ್ಲಿ ಯಾರ ಉತ್ತರ ಬರೆಯಬೇಕು ಎಂದು ಕೇಳಿದಳು.

"ಇಬ್ರುದೂ ಬರಿ ಕಣೇ. ಆಮೇಲೆ ನಿಂದು ಬರಿ," ಎಂದರು ಮೇಡಂ.

ಸುದ್ದಿ ಪ್ರಾಂಶುಪಾಲರಿಗೆ ಮುಟ್ಟಿತು. ಮೇಷ್ಟ್ರುಗಳೇ ಹುಡುಗರ ಮುಂದೆ ಕಿತ್ತಾಡಿದರೆ ಕಾಲೇಜಿನ ಮಾನ ಏನಾಗಬೇಕು ಎಂದು ಸಿಡುಕಿ, ವೇಳಾಪಟ್ಟಿಯಿಂದ ಮೇಡಂ ಹೆಸರು ತೆಗೆದರು. ಮರುದಿನ ನಾನೊಬ್ಬನೇ ಪಾಠಕ್ಕೆ ನಿಂತಾಗ ಮೇಡಂ ಬಂದು ಹುಡುಗಿಯರ ನಡುವೆ ಮುಂದಿನ ಬೆಂಚಿನಲ್ಲಿ ಕೂತರು. ನನ್ನ ಎರಡನೇ ವಾಕ್ಯಕ್ಕೇ ಕಪ್ಪು ಬೆರಳು ಮೇಲೆದ್ದಿತು. ಪ್ರಾಂಶುಪಾಲರು ಬಾಗಿಲಿಗೆ ಬಂದು ಇದೇನು ಎಂದರು.

"ಪಾಠ ಮಾಡ್ಬೇಡಿ ಅಂದ್ರಿ, ಮಾಡ್ತಿಲ್ಲ ಸರ್. ಪ್ರಶ್ನೆ ಕೇಳೋದನ್ನ ಮಾತ್ರ ಬಿಡಲ್ಲ."

ಇಡೀ ಸೆಮಿಸ್ಟರ್ ಹಾಗೇ ಕೂತರು. ಮುಂದಿನ ವೇಳಾಪಟ್ಟಿಯಲ್ಲಿ ಎರಡು ಹೆಸರೂ ಇದ್ದವು.

ಹೋದ ವರ್ಷ ಮೇಡಂ ಕಾಯಿಲೆ ಬಿದ್ದು ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಬೆರಳ ಕಲೆ ಮಾಸಿಹೋಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವರ ತಿಥಿ ಮುಗಿಯುವಷ್ಟರಲ್ಲೇ ಹೊಸ ವೇಳಾಪಟ್ಟಿ ಬಂತು. ಪರಿಸರ ಅಧ್ಯಯನಕ್ಕೆ ನಾನೊಬ್ಬನೇ.

ರಸಾಯನಶಾಸ್ತ್ರಕ್ಕೆ ಹೊಸದಾಗಿ ಬಂದಿರುವ ಅಧ್ಯಾಪಕಿಯನ್ನು ಕರೆದುಕೊಂಡು ಹೋಗಿ ಅದೇ ಮುಂದಿನ ಬೆಂಚಿನಲ್ಲಿ ಕೂರಿಸಿದ್ದೇನೆ. ಯಾರು ಬಂದು ಕೇಳುತ್ತಾರೋ ಕೇಳಲಿ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಾದರೆ ಮಾತ್ರ ನಾಳೆಯಿಂದ ಬರಬೇಡಿ ಎಂದು ಆಕೆಗೆ ಹೇಳಿದ್ದೇನೆ.