ಮಾಸ್ತರರ ಕೈ, ದೇಶಪಾಂಡೆಯವರ ಕೀಬೋರ್ಡು

ಸಭಾಂಗಣ ತುಂಬಿತ್ತು. ಬೆಳಕು ನನ್ನ ಮುಖದ ಮೇಲಿತ್ತು. ಮಡಿಲಲ್ಲಿ ಸತ್ತ ಮಗನ ತಲೆ. ಮುದಿ ರಾಜನಾದ ನಾನು ಪಲ್ಲವಿ ಮುಗಿಸಿ ಬಾಯಿ ತೆರೆದೆ...

ಮುಂದಿನ ಚರಣ ಮಾಯ!

ಮರೆವು ನನಗೆ ಹೊಸದಲ್ಲ ಬಂಧುಗಳೇ. ಹೈದರಾಬಾದಿನ ನಮ್ಮ ಕನ್ನಡ ನಾಟಕ ಮಂಡಳಿಯಲ್ಲಿ ಇಪ್ಪತ್ತು ವರ್ಷದಿಂದ ಮರೆಯುತ್ತಲೇ ಬಂದಿದ್ದೇನೆ. ಆದರೆ ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ.

ಕಾರಣ, ಪೇಟಿ ಮಾಸ್ತರ್ ಫಕೀರಪ್ಪ. ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರು, ಕಂಪನಿ ಮುಚ್ಚಿದ ಮೇಲೆ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದಕ್ಕೆ ವಾಚ್‌ಮನ್ ಆಗಿ ಬಂದವರು.

ನಟ ಸಾಲು ಮರೆತರೆ ಮಾಸ್ತರರು ಹಾಡಿನ ಅದೇ ಜಾಗದಲ್ಲಿ ನಿಂತು ಪೇಟಿಯ ಮೇಲೆ ಸುತ್ತು ಹೊಡೆಯುತ್ತಿದ್ದರು. ಒಂದು ಸುತ್ತು, ಎರಡು ಸುತ್ತು... ನೆನಪಾಗುವವರೆಗೆ.

ಜನ ಅದನ್ನು ನನ್ನ ಅಭಿನಯ ಎಂದುಕೊಂಡರು. "ಆ ಮೌನ ಏನ್ರಿ ನಿಮ್ದು, ಮೈ ಜುಮ್ ಅಂತು!" ಎಂದು ಕೈ ಕುಲುಕಿದರು. ನಾನೂ ಕುಲುಕಿಸಿಕೊಂಡೆ.

ಈ ವರ್ಷ ಮಂಡಳಿಗೆ ಒಂದು ಕೀಬೋರ್ಡು ಬಂತು. ವರ್ಕ್‌ಸ್ಟೇಷನ್ ಅಂತೆ. ನಮ್ಮ ಸೆಕ್ರೆಟರಿ ದೇಶಪಾಂಡೆಯವರು ಮಲ್ಕಾಜ್‌ಗಿರಿಯ ತಾಲೀಮಿನ ಕೋಣೆಯಲ್ಲಿ ಅದನ್ನು ಸ್ಟ್ಯಾಂಡಿನ ಮೇಲೆ ಏರಿಸಿದರು. ಪಟ್ಟಾಭಿಷೇಕವೇ ಸರಿ!

ಅರವತ್ತೊಂದು ಕೀ. ಮುಟ್ಟಿದರೆ ಬೆಳಗುವ ಸ್ಕ್ರೀನು. ಒಂದು ಗುಂಡಿಗೆ ಸಾರಂಗಿ, ಇನ್ನೊಂದಕ್ಕೆ ರಣಭೇರಿ. ಹದಿನಾರು ವಾದ್ಯಗಳನ್ನು ಒಂದರ ಮೇಲೊಂದು ರೆಕಾರ್ಡ್ ಮಾಡಿ ಒಟ್ಟಿಗೆ ನುಡಿಸಬಹುದು. ಎಲ್ಲಕ್ಕಿಂತ ದೊಡ್ಡ ಮಾಯೆ ಸ್ಯಾಂಪ್ಲಿಂಗ್... ಯಾವ ವಾದ್ಯದ ಸ್ವರವನ್ನಾದರೂ ಮೈಕಿನಲ್ಲಿ ಹಿಡಿದು ಆ ಕೀಗಳೊಳಗೆ ಕೂರಿಸಬಹುದು.

"ಮಾಸ್ತರನ ಪೇಟಿನ ಇದರಾಗ ಹಾಕಿಬಿಡೋಣ್ರಿ," ಅಂದರು ದೇಶಪಾಂಡೆ. "ಎರಡು ಬಸ್ ಬದಲಿಸಿ ಅಂವಾ ಬರೋದ್ರಾಗ ತಾಲೀಮು ಮುಗದಿರ್ತದ. ಮ್ಯಾಲ ಆ ಕೆಮ್ಮು ಬ್ಯಾರೆ. ನಾಟಕದ ದಿನಾನೂ ಇದ ಸಾಕು."

ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಬರೇ ತಾಲೀಮಿಗೆ ಮಾಸ್ತರ್. ನಾಟಕದ ದಿನ ನೀವ ಇರ್ತೀರಿ," ಅಂದೆ.

ರಂಗದ ಮೇಲೆ ಸಾಲು ಮರೆಯುವ ನಾನು, ಆ ಸಾಲನ್ನು ಮಾತ್ರ ಒಂದಕ್ಷರ ತಪ್ಪದೆ ಹೇಳಿದೆ.

ಮಾಸ್ತರರು ದಿನವಿಡೀ ಕೂತು ಒಂದೊಂದೇ ಸ್ವರ ಹಿಡಿದು ಕೊಟ್ಟರು. ನಡುವೆ ಕೆಮ್ಮು ಬಂದರೆ ಆ ಸ್ವರ ಮತ್ತೆ ಮೊದಲಿನಿಂದ.

ಆಮೇಲೆ ಕೀಬೋರ್ಡಿನ ಮೇಲೆಯೇ ನಾಟಕದ ಅಷ್ಟೂ ಹಾಡು ಬಾರಿಸಿ ರೆಕಾರ್ಡ್ ಮಾಡಿಸಿದರು. ಎಡಗೈಗೆ ಕೆಲಸವಿಲ್ಲ, ಕೀಬೋರ್ಡಿಗೆ ಗಾಳಿ ಒತ್ತುವ ತಿದಿಯೇ ಇಲ್ಲವಲ್ಲ. ಆದರೂ ಆ ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ತಿದಿ ಒತ್ತುತ್ತಿತ್ತು. ನಾನೂ ದೇಶಪಾಂಡೆಯವರೂ ನಕ್ಕೆವು.

ನಾಟಕದ ದಿನ ಮಾಸ್ತರರು ಇಸ್ತ್ರಿ ಮಾಡಿದ ಧೋತರ ಉಟ್ಟು, ಪೇಟಿ ಹೊತ್ತು ಬಂದರು. ದೇಶಪಾಂಡೆ ಪೇಟಿಯನ್ನು ಮೇಕಪ್ ಕೋಣೆಯ ಮೂಲೆಗೆ ಇಡಿಸಿ, ಅವರನ್ನು ಮೊದಲ ಸಾಲಿನ ಕುರ್ಚಿಗೆ ಕರೆದೊಯ್ದರು. "ಇವತ್ತ ನೀವು ನಮ್ಮ ಅತಿಥಿ!"

ಮಾಸ್ತರರು ನನ್ನ ಮುಖ ನೋಡಿದರು.

ನಾನು ಕಿರೀಟ ಸರಿಮಾಡಿಕೊಂಡೆ.

ಈಗ ಆ ಗಳಿಗೆಗೆ ಬನ್ನಿ. ಮಡಿಲಲ್ಲಿ ಮಗ, ಬಾಯಲ್ಲಿ ಶೂನ್ಯ. ಸ್ಪೀಕರಿನಲ್ಲಿ ಮಾಸ್ತರರದೇ ಪೇಟಿ, ಮಾಸ್ತರರದೇ ಕೈ... ನಿಲ್ಲದೆ ಎರಡನೇ ಚರಣಕ್ಕೆ ನಡೆಯುತ್ತದೆ. ಮೂರನೆಯದಕ್ಕೂ ನಡೆಯುತ್ತದೆ. ನನ್ನತ್ತ ತಿರುಗಿಯೂ ನೋಡುವುದಿಲ್ಲ.

ಕೆಳಗೆ ನೋಡುತ್ತೇನೆ. ಮಾಸ್ತರರ ಬಲಗೈ ಬೆರಳುಗಳು ಮೊಣಕಾಲ ಮೇಲೆ ಓಡುತ್ತಿವೆ. ಎಡಗೈ ಗಾಳಿಯಲ್ಲಿ ತಿದಿ ಒತ್ತುತ್ತಿದೆ.

ಅದು ಸ್ಪೀಕರಿನ ಹಾಡಲ್ಲ! ಅವರು ಪಲ್ಲವಿಯ ಕೊನೆಯಲ್ಲೇ ನಿಂತಿದ್ದಾರೆ. ಸುತ್ತು ಹೊಡೆಯುತ್ತಿದ್ದಾರೆ. ನನಗಾಗಿ.

ಸಾಲು ಸಿಕ್ಕಿತು. ಬಾಯಿ ತೆರೆದೆ. ಹಾಡು ಮುಗಿದಿತ್ತು.

"ಏ ಮಹಾರಾಜಾ, ನಿನ್ನ ಬಸ್ ಹೋತಲೇ!" ಹಿಂದಿನಿಂದ ಯಾರೋ ಕೂಗಿದರು. ಇಡೀ ಸಭೆ ನಕ್ಕಿತು. ನನ್ನ ಮಡಿಲಲ್ಲಿದ್ದ ಹೆಣವೂ ನಕ್ಕಿತು.

ನಗದವರು ಒಬ್ಬರೇ. ಪರದೆ ಬೀಳುವಷ್ಟರಲ್ಲಿ ಆ ಕುರ್ಚಿ ಖಾಲಿಯಾಗಿತ್ತು.

ಮುಂದಿನ ಭಾನುವಾರ ಪಟಾನ್‌ಚೆರುವಿಗೆ ಹೋದೆ. ಮಾಸ್ತರರ ಸೊಸೆ ಚಹಾ ಕೊಟ್ಟಳು. ಗೋಡೆ ಬದಿಯಲ್ಲಿ ಪೇಟಿ ಇತ್ತು, ಅದರ ಮೇಲೆ ಮಿಕ್ಸರ್ ಇಟ್ಟಿದ್ದರು.

"ಮುಂದಿನ ನಾಟಕಕ್ಕ ನೀವ ಬರಬೇಕ್ರಿ ಮಾಸ್ತರ್."

"ನಾ ಯಾಕ್ರಿ ಸಾಹೇಬ್ರ? ನನ್ನ ಕೈ ನಿಮ್ಮ ಹತ್ರ ಐತೆಲ್ಲ. ಅದಕ್ಕ ಕೆಮ್ಮಿಲ್ಲ, ಚಾ ಬ್ಯಾಡ, ಬಸ್ಸೂ ಬ್ಯಾಡ."

"ತಪ್ಪಾತ್ರಿ..."

ಅವರು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಕೇಳಿದರು, "ಅವತ್ತ ನಿಮಗ ಎಷ್ಟ ಸುತ್ತ ಬೇಕಾದೂ ಗೊತ್ತೇನ್ರಿ? ಐದು. ನಾ ಎಣಿಸೀನಿ. ಐದನೇದಕ್ಕ ನಿಮ್ಮ ತುಟಿ ಅಲುಗಾಡಿದೂ."

ಮಾಸ್ತರರು ನನ್ನ ಕೈಯಿಂದ ಖಾಲಿ ಕಪ್ಪು ತೆಗೆದುಕೊಂಡರು.

"ತಾಲೀಮಿಗೆ ಅಂತ ಸುಳ್ಳ ಯಾಕ ಹೇಳಿದ್ರಿ? ಖರೇ ಹೇಳಿದ್ರೂ ಬಾರಿಸಿ ಕೊಡತಿದ್ದೆ."

ಒಳಗಿನಿಂದ ಸೊಸೆ ಬಂದು, ಪೇಟಿಯ ಮೇಲಿದ್ದ ಮಿಕ್ಸರಿಗೆ ಶೇಂಗಾ ಹಾಕಿ ತಿರುಗಿಸಿದಳು. ಆ ಸದ್ದಿನಲ್ಲೇ ನಾನು ಎದ್ದು ಬಂದೆ. ಅವರು ಮತ್ತೆ ತಾಲೀಮಿಗೆ ಬರಲಿಲ್ಲ.

ಈಗ ಹೊಸ ನಾಟಕದ ತಾಲೀಮು ನಡೆದಿದೆ. ದೇಶಪಾಂಡೆಯವರು ಮಾಸ್ತರರ ಸ್ವರಗಳಲ್ಲೇ ಹೊಸ ಹಾಡು ಕೂರಿಸಿ, ಕೀಬೋರ್ಡಿನಲ್ಲಿ ಲೂಪ್ ಹುಡುಕಿಟ್ಟಿದ್ದಾರೆ. ನಾನು ಮರೆತ ಕೂಡಲೇ ಅವರು ಒಂದು ಗುಂಡಿ ಒತ್ತುತ್ತಾರೆ, ಅದು ಅಲ್ಲೇ ಸುತ್ತು ಹೊಡೆಯುತ್ತದೆ.

ನಿನ್ನೆ ಹನ್ನೊಂದು ಸುತ್ತು ಹೊಡೆಯಿತು. ಹನ್ನೊಂದೂ ಒಂದೇ ತರಹ, ಕೂದಲೆಳೆಯ ವ್ಯತ್ಯಾಸವಿಲ್ಲ. ಮಾಸ್ತರರ ಸುತ್ತುಗಳು ಹಾಗಿರಲಿಲ್ಲ, ಒಂದೊಂದೂ ಮರೆತ ಸಾಲಿನ ಕಡೆಗೆ ಒಂದು ಸ್ವರ ಹತ್ತಿರ ಸರಿಯುತ್ತಿತ್ತು. ಅದು ನನಗೆ ಈಗ ತಿಳಿಯುತ್ತಿದೆ.

ಯಂತ್ರ ಈಗ ಕಾಯುತ್ತದೆ. ಎಷ್ಟು ಬೇಕಾದರೂ ಕಾಯುತ್ತದೆ. ನನಗೆ ಸಾಲು ಮಾತ್ರ ನೆನಪಾಗುವುದಿಲ್ಲ...

ಬಂಧುಗಳೇ, ಖರೆ ಹೇಳಿದ್ದರೂ ಕೊಡುತ್ತಿದ್ದ ಮನುಷ್ಯನಿಗೆ ನಾನು ಸುಳ್ಳು ಯಾಕೆ ಹೇಳಿದೆ?